ಗ್ರೀಕ್, ಲ್ಯಾಟಿನ್ ಗ್ರಂಥಗಳಲ್ಲಿ ಕಾಳುಮೆಣಸನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಾನು ಶಿರಸಿ ಕಡೆಯವನು, ಇತಿಹಾಸ ಪಾಠ ಮಾಡುತ್ತೇನೆ. ಗ್ರೀಕ್ ಮತ್ತು ಲ್ಯಾಟಿನ್ ಸ್ವಂತವಾಗಿ ಕಲಿಯುತ್ತಿದ್ದೇನೆ. ನಿಘಂಟು ಪಕ್ಕದಲ್ಲಿದ್ದರೆ ಒಂದೊಂದೇ ವಾಕ್ಯ ಬಿಡಿಸಬಲ್ಲೆ. ಹಳೆಯ ಗ್ರೀಕರು, ರೋಮನ್ನರು ಭಾರತದ ಕಾಳುಮೆಣಸಿನ ಬಗ್ಗೆ ಏನು ಬರೆದಿದ್ದಾರೆ ಅಂತ ಮೂಲದಲ್ಲೇ ನೋಡುವ ಆಸೆ. ಗ್ರೀಕಿನಲ್ಲಿ ‘ಪೆಪೆರ್’ ಅಂತ ಹಾಕಿ ಹುಡುಕಿದರೆ ರಾಶಿ ಉತ್ತರ ಬರುತ್ತದೆ, ಅದರಲ್ಲಿ ಅರಿಸ್ಟಾಟಲನದೇ ಜಾಸ್ತಿ. ಇದು ಯಾಕೆ? ಯಾವ ಸಾಧನ ಬಳಸಬೇಕು? ಶತಮಾನವಾರು ಎಣಿಸಿ ಗ್ರಾಫ್ ಹಾಕಿದರೆ ಮೆಣಸಿನ ವ್ಯಾಪಾರ ಬೆಳೆದದ್ದು ತೋರಿಸಬಹುದಾ? ಈಜಿಪ್ಟಿನಲ್ಲಿ ಸಿಕ್ಕ ಪ್ರಹಸನದಲ್ಲಿ ಕನ್ನಡ ಇದೆ ಅನ್ನುತ್ತಾರಲ್ಲ, ಅದನ್ನೂ ಹೀಗೆ ಹುಡುಕಬಹುದಾ?

ಉತ್ತರ: ಮೊದಲು ಅರಿಸ್ಟಾಟಲನ ವಿಷಯ ನೋಡೋಣ. ಉಳಿದ ಪ್ರಶ್ನೆಗಳ ಬೇರೂ ಅಲ್ಲೇ ಇದೆ.

ಗ್ರೀಕ್ ಕ್ರಿಯಾಪದಕ್ಕೆ, ಕೆಲಸ ಮುಗಿದು ಈಗ ಹೀಗಿದೆ ಅಂತ ಹೇಳುವ ಒಂದು ರೂಪವಿದೆ. ಅದರಲ್ಲಿ ಮೊದಲ ವ್ಯಂಜನ ಎರಡು ಸಲ ಬರುತ್ತದೆ. ‘ಪೆರಾಯ್ನೋ’ ಅಂದರೆ ಕೊನೆ ಮುಟ್ಟಿಸು, ಮಿತಿ ಹಾಕು. ಅದರಿಂದ ಹುಟ್ಟಿದ್ದು ‘ಪೆಪೆರಾಸ್ಮೆನೊಸ್’, ಮಿತಿಯುಳ್ಳದ್ದು. ಜಗತ್ತಿಗೆ ಮಿತಿ ಇದೆಯೋ ಇಲ್ಲವೋ ಅಂತ ಅರಿಸ್ಟಾಟಲ್ ಪುಟಗಟ್ಟಲೆ ಚರ್ಚಿಸುತ್ತಾನೆ. ‘ಪೆಪೆರಿ’ ಅಂದರೆ ಮೆಣಸು. ಎರಡೂ ಒಂದೇ ಥರ ಶುರುವಾಗುತ್ತವೆ. ನೀವು ಕೇಳಿದ್ದು ಅಕ್ಷರಗಳ ಒಂದು ಸಾಲನ್ನು. ಯಂತ್ರ ಕೊಟ್ಟಿದ್ದೂ ಅದನ್ನೇ. ಮೆಣಸು ಅಂದರೇನು ಅಂತ ಅದಕ್ಕೆ ಗೊತ್ತಿಲ್ಲ.

ತಕ್ಷಣದ ಪರಿಹಾರ ಸುಲಭ. ‘ಪೆಪೆರ್’ ಬೇಡ. ‘ಪೆಪೆರಿ’ ಅಂತ ಒಂದು ಸಲ, ‘ಪೆಪೆರೆ’ ಅಂತ ಇನ್ನೊಂದು ಸಲ ಹುಡುಕಿ. ಮೆಣಸಿನ, ಮೆಣಸಿಗೆ ಅನ್ನುವ ವಿಭಕ್ತಿ ರೂಪಗಳು ಈ ಎರಡರಲ್ಲಿ ಸಿಗುತ್ತವೆ, ‘ಪೆಪೆರಾ’ ಹೊರಗೆ ಉಳಿಯುತ್ತದೆ. ಅಕ್ಷರಗಳ ಮೇಲಿನ ಒತ್ತಿನ ಚಿಹ್ನೆಗಳನ್ನು ಲೆಕ್ಕಿಸಬೇಡ ಅನ್ನುವ ಆಯ್ಕೆ ಇದ್ದರೆ ಅದನ್ನು ಒತ್ತಿ. ವಿಭಕ್ತಿ ಬದಲಾದ ಹಾಗೆ ಗ್ರೀಕಿನಲ್ಲಿ ಒತ್ತು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಚಿಹ್ನೆ ಸಮೇತ ಹುಡುಕಿದರೆ ಅರ್ಧ ಕಳೆದುಕೊಳ್ಳುತ್ತೀರಿ.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ನಿಘಂಟಿನಲ್ಲಿರುವ ಮೂಲರೂಪ ಕೊಟ್ಟರೆ ಅದರ ಎಲ್ಲ ರೂಪಗಳನ್ನೂ ತಂದುಕೊಡುವ ಹುಡುಕಾಟ. ಇದನ್ನು ಲೆಮ್ಮಾ ಹುಡುಕಾಟ ಅನ್ನುತ್ತಾರೆ. ಗ್ರೀಕಿಗೂ ಲ್ಯಾಟಿನ್‌ಗೂ ಇದು ಬೇಕೇ ಬೇಕು. ಲ್ಯಾಟಿನ್ನಿನ ‘ಫೆರೋ’, ಅಂದರೆ ಹೊರುತ್ತೇನೆ, ಭೂತಕಾಲದಲ್ಲಿ ‘ತುಲೀ’ ಆಗುತ್ತದೆ. ಅಕ್ಷರ ನೋಡಿ ಯಾವ ಯಂತ್ರವೂ ಈ ಎರಡನ್ನು ಜೋಡಿಸಲಾರದು, ಯಾರೋ ಮೊದಲೇ ಹೇಳಿಕೊಟ್ಟಿರಬೇಕು. ರೊಬೆರ್ಟೊ ಬೂಸಾ ಎಂಬ ಜೆಸ್ಯೂಟ್ ಪಾದ್ರಿ 1949ರಲ್ಲಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್‌ರ ಬಳಿ ಹೋಗಿ, ಮಧ್ಯಯುಗದ ದಾರ್ಶನಿಕ ಥಾಮಸ್ ಅಕ್ವಿನಾಸನ ಲ್ಯಾಟಿನ್ ಗ್ರಂಥಗಳ ಪದಗಳನ್ನೆಲ್ಲ ಯಂತ್ರದಲ್ಲಿ ಜೋಡಿಸಲು ಸಹಾಯ ಕೇಳಿದರು. ಪಂಚ್ ಕಾರ್ಡುಗಳಿಂದ ಶುರುವಾದ ಆ ಪದಸೂಚಿ 1970ರ ದಶಕದಲ್ಲಿ ಅಚ್ಚಾಗತೊಡಗಿ 56 ಸಂಪುಟಗಳಾಯಿತು. ಅಷ್ಟು ವರ್ಷ ಹಿಡಿದದ್ದರಲ್ಲಿ ಒಂದು ದೊಡ್ಡ ಪಾಲು ಈ ಮೂಲರೂಪ ಗುರುತಿಸುವ ಕೆಲಸದ್ದು. ಇವತ್ತು ನೀವು ಒಂದು ಗುಂಡಿ ಒತ್ತಿ ಪಡೆಯುವ ಉತ್ತರದ ಹಿಂದೆ ಅಂಥ ಶ್ರಮ ಇದೆ.

ಆದರೂ ಲೆಮ್ಮಾ ಹುಡುಕಾಟವನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ರೂಪ ಎರಡು ಪದಗಳಿಗೆ ಸೇರಬಹುದಾದರೆ ಯಂತ್ರ ಎಷ್ಟೋ ಸಲ ಎರಡರ ಕೆಳಗೂ ತೋರಿಸುತ್ತದೆ. ಆಮೇಲೆ ಜರಡಿ ಹಿಡಿಯುವುದು ನಿಮ್ಮ ಕೆಲಸ.

ಈಗ ಸಾಧನಗಳು. ಗ್ರೀಕಿಗೆ ದೊಡ್ಡದು ಥೆಸಾರಸ್ ಲಿಂಗ್ವೆ ಗ್ರೆಕೆ, ಎಲ್ಲರೂ ಟಿಎಲ್‌ಜಿ ಅನ್ನುವುದು. 1972ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನಲ್ಲಿ ಶುರುವಾಯಿತು. ಆಗ ಅಲ್ಲಿ ಓದುತ್ತಿದ್ದ ಮೇರಿಯನ್ ಮೆಕ್‌ಡೊನಾಲ್ಡ್ ಅವರದೇ ಯೋಚನೆ, ಮೊದಲ ಹಣವೂ ಅವರದೇ. ಹೋಮರನಿಂದ ಹಿಡಿದು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬೀಳುವವರೆಗಿನ ಗ್ರೀಕ್ ಗ್ರಂಥಗಳು, ಅದರಾಚೆಗಿನ ಕೆಲವೂ ಅದರಲ್ಲಿವೆ. ಪೂರ್ತಿ ಬಳಸಲು ಚಂದಾ ಬೇಕು. ಆದರೆ ಹೆಸರು ನೋಂದಾಯಿಸಿದರೆ ಒಂದು ಆಯ್ದ ಭಾಗ ಉಚಿತ. ಲಿಡೆಲ್-ಸ್ಕಾಟ್ ಗ್ರೀಕ್ ನಿಘಂಟೂ ಅಲ್ಲಿ ಉಚಿತವಾಗಿದೆ.

ಲ್ಯಾಟಿನ್‌ಗೆ ಪ್ಯಾಕರ್ಡ್ ಹ್ಯುಮ್ಯಾನಿಟೀಸ್ ಇನ್‌ಸ್ಟಿಟ್ಯೂಟ್‌ನ ತಾಣ ಇದೆ. ಹಣ ಬೇಡ. ಕ್ರಿ.ಶ. 200ರ ಸುಮಾರಿನವರೆಗಿನ ಲ್ಯಾಟಿನ್ ಸಾಹಿತ್ಯ ಹೆಚ್ಚುಕಡಿಮೆ ಪೂರ್ತಿ ಅಲ್ಲಿದೆ. ಮೆಣಸಿಗೆ ಲ್ಯಾಟಿನ್ನಿನಲ್ಲಿ ‘ಪಿಪೆರ್’. ಅಲ್ಲಿ ಅದನ್ನು ಹಾಕಿ ನೋಡಿ, ಅರಿಸ್ಟಾಟಲನಂಥ ಕಾಟ ಇಲ್ಲಿ ಇರುವುದಿಲ್ಲ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ನಿಮ್ಮಂಥ ಸ್ವಂತ ಕಲಿಯುವವರಿಗೆ ದೊಡ್ಡ ಆಸರೆ. ಪದದ ಮೇಲೆ ಒತ್ತಿದರೆ ಅದು ಯಾವ ರೂಪ ಅಂತ ಹೇಳುತ್ತದೆ, ಬಹಳ ಕೃತಿಗಳಿಗೆ ಇಂಗ್ಲಿಷ್ ಅನುವಾದವೂ ಪಕ್ಕದಲ್ಲೇ ಇದೆ. ಷಿಕಾಗೋ ವಿಶ್ವವಿದ್ಯಾಲಯದ ಲೊಗೆಯೋನ್‌ನಲ್ಲಿ ಹಲವು ನಿಘಂಟುಗಳನ್ನು ಒಟ್ಟಿಗೆ ತೆರೆಯಬಹುದು. ನಾನು ಯಾರಿಗೇ ಹೇಳಿದರೂ ಮೊದಲು ಲೊಗೆಯೋನ್ ತೆರೆಯಿರಿ ಅನ್ನುತ್ತೇನೆ. ಪದದ ಎಲ್ಲ ರೂಪ ಗೊತ್ತಿಲ್ಲದೆ ಹುಡುಕಾಟಕ್ಕೆ ಇಳಿಯಬಾರದು.

ಒಂದು ಮಾತು ನೆನಪಿರಲಿ. ಉಚಿತ ತಾಣಗಳಲ್ಲಿರುವ ಪಠ್ಯ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಮುದ್ರಣದ್ದು. ಅದಾದ ಮೇಲೆ ವಿದ್ವಾಂಸರು ಪಠ್ಯ ತಿದ್ದಿರಬಹುದು. ಅಷ್ಟೇ ಅಲ್ಲ, ಇಂಥ ಕಣಜಗಳಲ್ಲಿ ಒಂದು ಕೃತಿಗೆ ಸಾಮಾನ್ಯವಾಗಿ ಒಂದೇ ಆವೃತ್ತಿ ಇರುತ್ತದೆ. ಮುದ್ರಿತ ಪುಸ್ತಕದ ಪುಟದ ಕೆಳಗೆ, ಈ ಹಸ್ತಪ್ರತಿಯಲ್ಲಿ ಹೀಗಿದೆ, ಆ ಹಸ್ತಪ್ರತಿಯಲ್ಲಿ ಹಾಗಿದೆ ಅಂತ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದು ಬಹುತೇಕ ತಾಣಗಳಲ್ಲಿ ಇಲ್ಲ. ವರ್ಜಿಲ್‌ನ ‘ಈನಿಡ್’ ಕಾವ್ಯದ ಎರಡನೆಯ ಸಾಲನ್ನೇ ನೋಡಿ. ಕೆಲವು ಹಸ್ತಪ್ರತಿಗಳಲ್ಲಿ ‘ಲಾವಿನಿಯಾಕ್ವೆ’, ಇನ್ನು ಕೆಲವುಗಳಲ್ಲಿ ‘ಲಾವಿನಾಕ್ವೆ’. ಅಷ್ಟು ಪ್ರಸಿದ್ಧ ಸಾಲಿನಲ್ಲೇ ಹೀಗೆ. ಸಂಪಾದಕರು ಆರಿಸಿದ ರೂಪ ಮಾತ್ರ ನಿಮ್ಮ ಹುಡುಕಾಟಕ್ಕೆ ಸಿಗುತ್ತದೆ. ಇನ್ನೊಂದು ಇದೆ ಅನ್ನುವುದೂ ತಿಳಿಯುವುದಿಲ್ಲ. ಕೊನೆಯಲ್ಲಿ ಅಂಟಿರುವ ‘ಕ್ವೆ’ಯನ್ನೂ ಗಮನಿಸಿ. ಅದರ ಅರ್ಥ ‘ಮತ್ತು’. ‘ಇಂಡಿಯಾ’ ಅಂತ ಪೂರ್ಣಪದವಾಗಿ ಹುಡುಕಿದರೆ ‘ಇಂಡಿಯಾಕ್ವೆ’ ತಪ್ಪಿಹೋಗಬಹುದು.

ಊರಿನ ಹೆಸರುಗಳಲ್ಲಂತೂ ಈ ತೊಂದರೆ ವಿಪರೀತ. ‘ಪೆರಿಪ್ಲಸ್’ ಎಂಬ ಕ್ರಿ.ಶ. ಒಂದನೆಯ ಶತಮಾನದ ಕಡಲಯಾನದ ಕೈಪಿಡಿ ನಿಮಗೆ ಗೊತ್ತಿರಬೇಕು. ಮೆಣಸು ತುಂಬಿಕೊಂಡು ಹಡಗು ಹೊರಡುವ ಬಂದರುಗಳು ಮುಜಿರಿಸ್ ಮತ್ತು ನೆಲ್ಕುಂಡ ಅಂತ ಅದು ಹೇಳುತ್ತದೆ. ಎರಡೂ ಇವತ್ತಿನ ಕೇರಳದ ಕಡೆಯವು. ಆ ನೆಲ್ಕುಂಡ ಟಾಲೆಮಿಯ ಭೂಗೋಳದಲ್ಲಿ ‘ಮೆಲ್ಕುಂಡ’ ಆಗಿದೆ. ನಿಸರ್ಗದ ಬಗ್ಗೆ ದೊಡ್ಡ ಗ್ರಂಥ ಬರೆದ ರೋಮನ್ ಲೇಖಕ ಪ್ಲಿನಿಯ ಲ್ಯಾಟಿನ್ನಿನಲ್ಲಿ ಅಲ್ಲಿನ ಜನರ ಹೆಸರು ‘ನೆಯಾಕಿಂಡೊನ್’ ಅಂತ ಬರುತ್ತದೆ. ಒಂದು ಕಾಗುಣಿತ ಹಿಡಿದು ಹೋದರೆ ಉಳಿದ ಎರಡು ಸಿಗುವುದಿಲ್ಲ. ಪೆರಿಪ್ಲಸ್ ಉಳಿದಿರುವುದೇ ಮುಖ್ಯವಾಗಿ ಹೈಡೆಲ್‌ಬರ್ಗಿನ ಒಂದು ಹತ್ತನೆಯ ಶತಮಾನದ ಹಸ್ತಪ್ರತಿಯಲ್ಲಿ. ಲಿಪಿಕಾರ ಭಾರತದ ಹೆಸರುಗಳನ್ನು ಕೇಳಿದವನಲ್ಲ. ಹಾಗಾಗಿ ಊರು, ಜನ, ನದಿ ಹುಡುಕುವಾಗ ಹೆಸರಿನ ಮಧ್ಯದ ತುಣುಕು ಹಾಕಿ. ಅದೂ ಸಾಲದು. ‘ಭಾರತ’, ‘ಬಂದರು’, ‘ಹಡಗು’ ಇಂಥ ಪದಗಳ ಅಕ್ಕಪಕ್ಕ ಏನಿದೆ ಅಂತಲೂ ನೋಡಿ. ಎರಡು ಪದ ಇಷ್ಟು ದೂರದೊಳಗೆ ಬಂದಿರಬೇಕು ಅನ್ನುವ ಹುಡುಕಾಟ ಟಿಎಲ್‌ಜಿಯಲ್ಲೂ ಪ್ಯಾಕರ್ಡ್ ತಾಣದಲ್ಲೂ ಇದೆ. ಅದನ್ನು ಕಲಿತುಕೊಳ್ಳಿ, ತುಂಬಾ ಕೆಲಸಕ್ಕೆ ಬರುತ್ತದೆ.

ಇನ್ನು ಗ್ರಾಫ್. ನೇರವಾಗಿ ಹೇಳಿಬಿಡುತ್ತೇನೆ: ದಯವಿಟ್ಟು ಹಾಕಬೇಡಿ.

ಶತಮಾನವಾರು ಎಣಿಸಿದರೆ ಕ್ರಿ.ಶ. ಎರಡನೆಯ ಶತಮಾನದಲ್ಲಿ ‘ಪೆಪೆರಿ’ ಆಕಾಶಕ್ಕೆ ಏರುತ್ತದೆ. ನೋಡಿದವರು ವ್ಯಾಪಾರ ಬೆಳೆಯಿತು ಅಂದುಕೊಳ್ಳುತ್ತಾರೆ. ಆದರೆ ಆ ಏರಿಕೆಯ ಹಿಂದೆ ಇರುವುದು ಮುಖ್ಯವಾಗಿ ಒಬ್ಬ ಮನುಷ್ಯ, ವೈದ್ಯ ಗೇಲೆನ್. ಅವನ ಬರಹ ಎಷ್ಟು ಉಳಿದಿದೆ ಅಂದರೆ 1821ರಿಂದ 1833ರವರೆಗೆ ಕೂನ್ ಎಂಬ ಜರ್ಮನ್ ವಿದ್ವಾಂಸ ಅಚ್ಚು ಹಾಕಿದಾಗ 20 ಸಂಪುಟ ಬೇಕಾಯಿತು. ಅದರಲ್ಲಿ ಔಷಧಿ ಯೋಗಗಳ ಉದ್ದುದ್ದ ಪಟ್ಟಿಗಳು, ಪಟ್ಟಿ ಪಟ್ಟಿಯಲ್ಲೂ ಮೆಣಸು. ಆಮೇಲೆ ನಾಲ್ಕನೆಯ ಶತಮಾನದ ವೈದ್ಯ ಒರಿಬಾಸಿಯಸ್ ಅವನದನ್ನು ಎತ್ತಿ ಬರೆಯುತ್ತಾನೆ, ಮುಂದಿನ ವೈದ್ಯರೂ ಅದನ್ನೇ ಮಾಡುತ್ತಾರೆ. ಒಂದೇ ಕಷಾಯದ ಮೆಣಸು ನಿಮ್ಮ ಎಣಿಕೆಯಲ್ಲಿ ಮೂರು ಶತಮಾನಗಳಲ್ಲಿ ಬಂದು ಕೂರುತ್ತದೆ. ಅದಕ್ಕೂ ಹಡಗಿಗೂ ಏನು ಸಂಬಂಧ?

ಒಂದೇ ಮಾತು ಹಲವು ಸಲ ಎಣಿಕೆಯಾಗುವುದಕ್ಕೆ ಇನ್ನೂ ಒಂದು ಕಾರಣವಿದೆ. ಆಂಟಿಫನೀಸ್ ಎಂಬ ಕ್ರಿ.ಪೂ. ನಾಲ್ಕನೆಯ ಶತಮಾನದ ಅಥೆನ್ಸಿನ ಹಾಸ್ಯನಾಟಕಕಾರನ ಒಂದು ತುಣುಕು ಇದೆ. ಯಾರಾದರೂ ಮೆಣಸು ಕೊಂಡು ಮನೆಗೆ ತಂದರೆ, ಗೂಢಚಾರ ಅಂತ ಹಿಡಿದು ಹಿಂಸೆ ಕೊಡಬೇಕು ಅನ್ನುತ್ತಾರೆ ಅನ್ನುವ ಅರ್ಥದ ಮಾತು. ನಾಟಕ ಕಳೆದುಹೋಗಿದೆ. ಸುಮಾರು ಐದು ಶತಮಾನ ಆದ ಮೇಲೆ ಅಥೀನಿಯಸ್ ತನ್ನ ಊಟದ ಹರಟೆಯ ದೊಡ್ಡ ಪುಸ್ತಕದಲ್ಲಿ ಇದನ್ನು ಉದ್ಧರಿಸಿದ್ದಕ್ಕೆ ಉಳಿಯಿತು. ಈಗಿನ ಕಣಜದಲ್ಲಿ ಅದು ಅಥೀನಿಯಸನ ಹೆಸರಿನಲ್ಲಿ ಒಂದು ಸಲ, ಆಂಟಿಫನೀಸನ ತುಣುಕುಗಳ ಸಂಗ್ರಹದಲ್ಲಿ ಇನ್ನೊಂದು ಸಲ ಇರುತ್ತದೆ. ತುಣುಕುಗಳ ಎರಡು ಆವೃತ್ತಿ ಸೇರಿಸಿದ್ದರೆ ಮೂರು ಸಲ. ಯಂತ್ರಕ್ಕೆ ಇವು ಮೂರು ಸಾಕ್ಷಿ, ನಮಗೆ ಒಂದೇ.

ಆದರೆ ಆ ಒಂದು ಸಾಕ್ಷಿಯ ಬೆಲೆ ನೋಡಿ. ಆ ಕಾಲದ ಅಥೆನ್ಸಿನಲ್ಲಿ ಮೆಣಸು ಎಷ್ಟು ಅಪರೂಪದ, ಎಷ್ಟು ಪರದೇಶದ ವಸ್ತು ಅಂತ ಆ ಒಂದು ಹಾಸ್ಯದ ಮಾತಿನಿಂದ ಗೊತ್ತಾಗುತ್ತದೆ. ಗೇಲೆನ್‌ನ ಎಲ್ಲ ಕಷಾಯಗಳೂ ಸೇರಿ ಇದನ್ನು ಹೇಳಲಾರವು. ಹೊರೇಸ್‌ನದ್ದೂ ಹಾಗೇ. ಕೆಟ್ಟ ಕವಿತೆ ಬರೆದ ಹಾಳೆ ಕೊನೆಗೆ ಮೆಣಸು ಕಟ್ಟುವ ಕಾಗದವಾಗುತ್ತದೆ ಅಂತ ಆ ರೋಮನ್ ಕವಿ ಬರೆಯುತ್ತಾನೆ. ಅಷ್ಟು ಹೊತ್ತಿಗೆ ರೋಮಿನ ಬೀದಿ ಅಂಗಡಿಯಲ್ಲಿ ಮೆಣಸು ಪೊಟ್ಟಣ ಕಟ್ಟಿ ಮಾರುವ ಸರಕಾಗಿತ್ತು. ಸಿಕ್ಕ ಪ್ರತಿ ಜಾಗದಲ್ಲೂ ಹಿಂದಿನ ಒಂದು ಪುಟ, ಮುಂದಿನ ಒಂದು ಪುಟ ಓದಿ ಅಂತ ನಾನು ಹೇಳುವುದು ಇದಕ್ಕೇ. ಯಾರು, ಯಾರಿಗೆ, ಯಾವ ಧಾಟಿಯಲ್ಲಿ ಹೇಳುತ್ತಿದ್ದಾರೆ ಅನ್ನುವುದು ಒಂದು ಸಾಲಿನ ಫಲಿತಾಂಶದಲ್ಲಿ ಕಾಣುವುದಿಲ್ಲ.

ಎಣಿಸುವುದಕ್ಕೆ ಇನ್ನೊಂದು ಅಡ್ಡಿ. ‘ಪೆಪೆರಿ’ ಅಂದರೆ ಯಾವಾಗಲೂ ಕಾಳುಮೆಣಸಲ್ಲ, ಹಿಪ್ಪಲಿಯೂ ಹೌದು. ಗಿಡಗಳ ಬಗ್ಗೆ ಬರೆದ, ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಎರಡು ಬಗೆ ಹೇಳುತ್ತಾನೆ, ಒಂದು ದುಂಡಗಿನದು, ಒಂದು ಉದ್ದನೆಯದು, ಅಂದರೆ ಹಿಪ್ಪಲಿ, ಉದ್ದನೆಯದು ಹೆಚ್ಚು ಖಾರ. ಪೆರಿಪ್ಲಸ್ ಪ್ರಕಾರ ಉದ್ದ ಮೆಣಸು ಗುಜರಾತಿನ ಬರಿಗಾಜಾದಿಂದ, ಅಂದರೆ ಭರೂಚ್‌ನಿಂದ ಹೋಗುತ್ತಿತ್ತು. ಹಾಗಾಗಿ ನಿಮ್ಮ ವಿಷಯ ಪಶ್ಚಿಮ ಕರಾವಳಿಯ ಕಾಳುಮೆಣಸಾದರೆ ಇವೆರಡನ್ನು ಬೇರೆ ಮಾಡಲೇಬೇಕು. ಪ್ಲಿನಿ ಬೆಲೆ ಕೊಡುವಾಗ ಬೇರೆ ಮಾಡಿಯೇ ಕೊಡುತ್ತಾನೆ. ಒಂದು ಪೌಂಡಿಗೆ ಉದ್ದ ಮೆಣಸು 15 ದಿನಾರಿ (ರೋಮನ್ ಬೆಳ್ಳಿ ನಾಣ್ಯ), ಬಿಳಿ 7, ಕರಿ 4. ಆದರೆ ಇವೆಲ್ಲ ಒಂದೇ ಗಿಡದವು ಅಂತ ಅವನೂ ನಂಬಿದ್ದ. ವೈದ್ಯರ ಪಟ್ಟಿಯಲ್ಲಿ ಬರೀ ‘ಪೆಪೆರಿ’ ಅಂತ ಇದ್ದರೆ ಎಷ್ಟೋ ಕಡೆ ತೀರ್ಮಾನಿಸುವುದೇ ಕಷ್ಟ. ಟಿಪ್ಪಣಿಯಲ್ಲಿ ಉದ್ದ, ಬಿಳಿ, ಕರಿ, ಸ್ಪಷ್ಟವಿಲ್ಲ ಅಂತ ನಾಲ್ಕು ಕಲಂ ಇಟ್ಟುಕೊಳ್ಳಿ.

ಹುಡುಕಿದ ಪದ ಇಲ್ಲದ ಕಡೆಯೂ ವಿಷಯ ಇರುತ್ತದೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಭಾರತ ಪ್ರತಿ ವರ್ಷ ನಮ್ಮ ಸಾಮ್ರಾಜ್ಯದಿಂದ 5 ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದ ಹಣ ಹೀರುತ್ತದೆ ಅಂತ ಪ್ಲಿನಿ ಆರನೆಯ ಪುಸ್ತಕದಲ್ಲಿ ದೂರುತ್ತಾನೆ. ಹನ್ನೆರಡನೆಯದರಲ್ಲಿ ಭಾರತ, ಚೀನಾ, ಅರೇಬಿಯಾ ಮೂರೂ ಸೇರಿ 10 ಕೋಟಿ ಅನ್ನುತ್ತಾನೆ. ಮೆಣಸಿನ ವ್ಯಾಪಾರದ ಬಗ್ಗೆ ಬರೆಯುವವರೆಲ್ಲ ಎತ್ತಿಕೊಳ್ಳುವ ಮಾತುಗಳಿವು. ಆ ಎರಡು ವಾಕ್ಯಗಳಲ್ಲಿ ‘ಪಿಪೆರ್’ ಇಲ್ಲ. ನೀವು ಆ ಪದ ಒಂದನ್ನೇ ಹುಡುಕಿದರೆ ಇವು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ವಿಯೆನ್ನಾದಲ್ಲಿರುವ ಮುಜಿರಿಸ್ ಪಪೈರಸ್‌ನದ್ದೂ ಇದೇ ಕಥೆ. ಪಪೈರಸ್ ಅಂದರೆ ಜೊಂಡಿನಿಂದ ಮಾಡಿದ ಹಾಳೆ, ಇದು ಕ್ರಿ.ಶ. ಎರಡನೆಯ ಶತಮಾನದ್ದು. ಒಂದು ಬದಿಯಲ್ಲಿ ಸಾಲದ ಕರಾರು, ಇನ್ನೊಂದು ಬದಿಯಲ್ಲಿ ‘ಹರ್ಮಪೊಲ್ಲೊನ್’ ಎಂಬ ಹಡಗಿನ ಸರಕಿನ ಲೆಕ್ಕ. ಉಳಿದಿರುವ ಸಾಲುಗಳಲ್ಲಿ ಗಂಗಾ ಬಯಲಿನ ಜಟಾಮಾಂಸಿ ಇದೆ, ಆನೆದಂತ ಇದೆ. ಹಡಗಿನ ಹೊಟ್ಟೆಯಲ್ಲಿ ದೊಡ್ಡ ಪಾಲು ಮೆಣಸೇ ಇತ್ತು ಅಂತ ವಿದ್ವಾಂಸರು ಹೇಳುವುದು ತೂಕ ಮತ್ತು ಬೆಲೆಯ ಲೆಕ್ಕ ಹಾಕಿ, ಹರಿದುಹೋದ ಭಾಗವನ್ನು ಊಹಿಸಿ. ಪದ ಹುಡುಕಿ ಅಲ್ಲ. ಈಜಿಪ್ಟಿನ ಬೆರೆನಿಕೆ ಬಂದರಿನ ದೇವಾಲಯದಲ್ಲಿ ಅಗೆದಾಗ ಭಾರತದ ಒಂದು ದೊಡ್ಡ ಜಾಡಿಯಲ್ಲಿ ಸುಮಾರು 7.5 ಕಿಲೊ ಕಾಳುಮೆಣಸು ಸಿಕ್ಕಿತು. ಅದೂ ಯಾವ ಪಠ್ಯದಲ್ಲೂ ಇಲ್ಲ.

ಅದಕ್ಕೇ ಸಾಹಿತ್ಯದ ಕಣಜ ಒಂದಕ್ಕೇ ನಿಲ್ಲಬೇಡಿ. ಈಜಿಪ್ಟಿನ ಕಾಗದಪತ್ರಗಳಿಗೆ ಪಪೈರಿ ಡಾಟ್ ಇನ್ಫೋ ಇದೆ. ಲ್ಯಾಟಿನ್ ಶಾಸನಗಳಿಗೆ ಕ್ಲೌಸ್-ಸ್ಲಾಬಿ ದತ್ತಸಂಚಯ ಇದೆ. ಬ್ರಿಟನ್ನಿನ ಶಾಸನಗಳ ತಾಣದಲ್ಲಿ ವಿಂಡೊಲಾಂಡಾ ಕೋಟೆಯ ಮರದ ಹಲಗೆಗಳನ್ನು ಓದಬಹುದು. ಕ್ರಿ.ಶ. 100ರ ಆಸುಪಾಸು, ಸಾಮ್ರಾಜ್ಯದ ಉತ್ತರದ ತುದಿ. ಅಲ್ಲಿನ ಲೆಕ್ಕದ ಒಂದು ಹಲಗೆಯಲ್ಲಿ ಟಪ್ಪೋನ ಮಗ ಗಂಬಾಕ್ಸ್ ಎಂಬ ಸೈನಿಕನ ಹೆಸರಿನ ಮುಂದೆ ‘ಪಿಪೆರ್, 2 ದಿನಾರಿ’ ಅಂತ ಬರೆದಿದೆ. ನಮ್ಮ ಪಶ್ಚಿಮ ಕರಾವಳಿಯ ಸರಕು ಸ್ಕಾಟ್ಲೆಂಡಿನ ಗಡಿ ಹತ್ತಿರದ ಸಿಪಾಯಿಯ ಖಾತೆಗೆ ಹೋಗಿತ್ತು ಅಂತ ಆ ಎರಡು ಪದ ಹೇಳುತ್ತವೆ. ಹೊರೇಸ್, ಪ್ಲಿನಿ ಇರುವ ತಾಣದಲ್ಲಿ ಎಷ್ಟು ಹುಡುಕಿದರೂ ಗಂಬಾಕ್ಸ್ ಸಿಗುವುದಿಲ್ಲ. ‘ಎಲ್ಲೂ ಇಲ್ಲ’ ಅಂತ ಬರೆಯುವ ಮುಂಚೆ ಯಾವ ಕಣಜದಲ್ಲಿ ಇಲ್ಲ, ಅದರಲ್ಲಿ ಏನೇನು ಸೇರಿದೆ ಅಂತ ನೋಡಿಕೊಳ್ಳಿ. ಟಿಎಲ್‌ಜಿಯಲ್ಲಿ ಯಾವ ಲೇಖಕರು, ಯಾವ ಆವೃತ್ತಿ ಅನ್ನುವ ಪಟ್ಟಿ ಉಚಿತವಾಗಿಯೇ ಸಿಗುತ್ತದೆ.

ಲ್ಯಾಟಿನ್ ‘ಪಿಪೆರ್’ ಬಗ್ಗೆ ನಿಮಗೆ ಒಂದು ಅದೃಷ್ಟವೂ ಇದೆ. ಮ್ಯೂನಿಕ್‌ನಲ್ಲಿ ಥೆಸಾರಸ್ ಲಿಂಗ್ವೆ ಲಾಟಿನೆ ಎಂಬ ಮಹಾನಿಘಂಟು 1894ರಿಂದ ತಯಾರಾಗುತ್ತಿದೆ, ಇನ್ನೂ ಮುಗಿದಿಲ್ಲ. ಸುಮಾರು 1 ಕೋಟಿ ಚೀಟಿಗಳ ಸಂಗ್ರಹದ ಮೇಲೆ ಅದು ನಿಂತಿದೆ. ‘ಪಿ’ ಅಕ್ಷರ ಮುಗಿದಿದೆ, ಅಚ್ಚಾದ ಸಂಪುಟಗಳ ಪಿಡಿಎಫ್ 2019ರಿಂದ ಉಚಿತ. ಮನುಷ್ಯರು ಒಂದೊಂದೇ ಪ್ರಯೋಗ ಓದಿ, ಅರ್ಥ ಬೇರ್ಪಡಿಸಿ ಜೋಡಿಸಿದ ಲೇಖನ ಅದು. ವಿವರಣೆಯೂ ಲ್ಯಾಟಿನ್ನಿನಲ್ಲೇ ಇದೆ, ಹೆದರಬೇಡಿ. ಮೊದಲು ಅದನ್ನು ಓದಿ, ಆಮೇಲೆ ಯಂತ್ರದ ಫಲಿತಾಂಶದ ಜತೆ ತಾಳೆ ನೋಡಿ. ಎರಡರ ನಡುವೆ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲೇ ಕೆಲಸ ಇರುತ್ತದೆ.

ಆಕರ ಬರೆದುಕೊಳ್ಳುವಾಗ ತಾಣದ ವಿಳಾಸ ಸಾಲದು, ಪುಸ್ತಕ ಮತ್ತು ವಿಭಾಗದ ಸಂಖ್ಯೆ ಹಾಕಿ. ಪ್ಲಿನಿಗೆ ಎರಡು ಬಗೆಯ ಸಂಖ್ಯೆಗಳಿವೆ. ಮೆಣಸಿನ ಬೆಲೆ ಇರುವುದು ಈಗಿನ ಎಣಿಕೆಯಲ್ಲಿ 12.28. ಪರ್ಸಿಯಸ್‌ನಲ್ಲಿರುವ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಅದು 12ನೆಯ ಪುಸ್ತಕದ 14ನೆಯ ಅಧ್ಯಾಯ. ಇದು ಗೊತ್ತಿಲ್ಲದೆ ಸುಮ್ನೆ ಗಂಟೆಗಟ್ಟಲೆ ತಡಕಾಡುವವರಿದ್ದಾರೆ. ಈಚೆಗೆ ಚಾಟ್‌ಬಾಟ್‌ಗಳನ್ನು ಕೇಳುವವರೂ ಜಾಸ್ತಿ. ಒಂದು ಕಷ್ಟದ ವಾಕ್ಯ ಬಿಡಿಸಲು ಕೇಳಿ, ತಪ್ಪಿಲ್ಲ. ಆದರೆ ‘ಮೆಣಸಿನ ಪ್ರಸ್ತಾಪ ಎಲ್ಲೆಲ್ಲಿದೆ’ ಅಂತ ಕೇಳಿ ಬಂದ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಇಲ್ಲದ ಸಾಲಿಗೂ ಅದು ಸಂಖ್ಯೆ ಕೊಟ್ಟುಬಿಡುತ್ತದೆ. ಮೂಲ ತೆರೆದು ನಿಮ್ಮ ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯಿರಿ.

ಕೊನೆಯದಾಗಿ ಆ ಪ್ರಹಸನ. ಆಕ್ಸಿರಿಂಕಸ್‌ನಲ್ಲಿ (ಇದು ಈಜಿಪ್ಟಿನ ಒಂದು ಹಳೆಯ ಊರು) ಸಿಕ್ಕ ಆ ಪಪೈರಸ್ಸನ್ನು ಅದನ್ನು ಅಗೆದ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ 413ನೆಯ ಸಂಖ್ಯೆಯಾಗಿ ಪ್ರಕಟಿಸಿದರು. ಚಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ತೀರದಲ್ಲಿ ಸಿಕ್ಕಿಬಿದ್ದಿರುತ್ತಾಳೆ. ಅಲ್ಲಿನ ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ, ಆದರೆ ಬರೆದಿರುವುದು ಗ್ರೀಕ್ ಲಿಪಿಯಲ್ಲಿ. 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಅದು ಕನ್ನಡ ಅಂತ ವಾದಿಸಿದರು, ನಮ್ಮಲ್ಲೂ ಹಲವರು ಆ ವಾದ ಬೆಳೆಸಿದರು. ಒಪ್ಪದವರೂ ಇದ್ದಾರೆ, ಚರ್ಚೆ ಮುಗಿದಿಲ್ಲ.

ಇಲ್ಲಿ ಹುಡುಕಾಟ ಸಾಧನದ ಸಹಾಯ ತೀರಾ ಕಡಿಮೆ. ಪದ ಯಾವ ಭಾಷೆಯದು ಅಂತಲೇ ಗೊತ್ತಿಲ್ಲದಾಗ ಮೂಲರೂಪ ಹುಡುಕುವ ಯಂತ್ರ ಏನು ಮಾಡೀತು? ಅದಕ್ಕಿಂತ ದೊಡ್ಡ ತೊಡಕು, ಆ ಮಾತುಗಳನ್ನು ಎಲ್ಲಿ ತುಂಡು ಮಾಡಬೇಕು ಅನ್ನುವುದೇ ಸಂಪಾದಕರ ತೀರ್ಮಾನ. ತುಂಡು ಬೇರೆ ಕಡೆ ಮಾಡಿದರೆ ಬೇರೆ ಪದ ಕಾಣುತ್ತದೆ. ಹಾಗಾಗಿ ಪರದೆಯ ಮೇಲಿನ ಪದವನ್ನು ನಂಬಿ ಮುಂದೆ ಹೋಗಬೇಡಿ. ಮೊದಲು 1903ರ ಮುದ್ರಣ ಓದಿ, ಅದರಲ್ಲಿ ಅಕ್ಷರಗಳ ಕೆಳಗೆ ಚುಕ್ಕೆ ಇರುವ ಕಡೆ ಗುರುತು ಮಾಡಿಕೊಳ್ಳಿ. ಚುಕ್ಕೆ ಇದ್ದರೆ ಆ ಅಕ್ಷರ ಅಳಿಸಿದೆ, ಓದು ಖಚಿತವಲ್ಲ ಅಂತ ಅರ್ಥ. ಆಮೇಲೆ ಪಪೈರಸ್‌ನ ಚಿತ್ರ ಹಿಡಿದು ಅಕ್ಷರ ಅಕ್ಷರ ನೋಡಿ. ಹಳಗನ್ನಡ, ತುಳು ಎರಡೂ ಚೆನ್ನಾಗಿ ಬಲ್ಲವರೊಬ್ಬರನ್ನು ಜತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಕಾಲದ ಕನ್ನಡದ ಬರಹ ನಮ್ಮ ಬಳಿ ಇಲ್ಲ. ಹಲ್ಮಿಡಿ ಶಾಸನವೂ ಆಮೇಲಿನದು. ಹೋಲಿಸಲು ಸಿಗುವುದೆಲ್ಲ ಎರಡು ಮೂರು ಶತಮಾನ ಈಚಿನದು ಅನ್ನುವುದನ್ನು ಲೇಖನದ ಮೊದಲ ಪುಟದಲ್ಲೇ ಓದುಗರಿಗೆ ತಿಳಿಸಿಬಿಡಿ.